ಓದಿಸ್ತೀನಿ ಅಂದವನು

"ಓದಿಸ್ತೀನಿ" ಎಂದ ಅವನು.

ಹೇಳುವಾಗ ಅವನ ಮುಖ ನೋಡಬೇಕಿತ್ತು. ಚಂದ್ರನನ್ನೇ ಇಳಿಸಿ ಅವಳ ಮಡಿಲಿಗೆ ಹಾಕಿದವನ ಹಾಗೆ ಬೆಳಗುತ್ತಿತ್ತು. ಸೋಫಾದ ಒಂದು ತುದಿಯಲ್ಲಿ ಅವನ ತಾಯಿ, ಇನ್ನೊಂದು ತುದಿಯಲ್ಲಿ ಅವಳ ಅಪ್ಪ ಅಮ್ಮ, ನಡುವೆ ಬಿಸ್ಕತ್ತಿನ ತಟ್ಟೆ. ಎರಡೂ ಮನೆಯವರು ಒಟ್ಟಿಗೆ ಉಸಿರು ಬಿಟ್ಟರು. ಎಲ್ಲ ಸುಸೂತ್ರವಾಯಿತು ಎನ್ನುವ ಉಸಿರು ಅದು.

ಅವಳು ಟೀ ಲೋಟವನ್ನು ಟೀಪಾಯಿಯ ಮೇಲೆ ಇಟ್ಟಳು. ಇಟ್ಟ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

"ಯಾರನ್ನ?"

"ಅಂದ್ರೆ?"

"ಓದಿಸ್ತೀನಿ ಅಂದ್ಯಲ್ಲ. ಯಾರನ್ನ ಓದಿಸ್ತೀಯ?"

"ನಿನ್ನನ್ನ. ಮತ್ತಿನ್ಯಾರನ್ನ?" ಎಂದು ಅವನು ನಕ್ಕ. ಪಾಪ, ಅದು ತಮಾಷೆಯ ಪ್ರಶ್ನೆ ಎಂದೇ ತಿಳಿದಿದ್ದ.

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕಿಡಿ ಎಂದು ಕರೆಯುತ್ತಿದ್ದರು. ಆ ಹೆಸರು ಮನೆಗೂ ನಡೆದು ಬಂದು ನೆಲೆಯೂರಿತ್ತು. ಉದ್ದಕ್ಕೆ, ತೆಳ್ಳಗೆ, ಗಾಜಿನ ನಳಿಗೆಯ ಹಾಗಿದ್ದ ಅವನಿಗೆ ಪಿಪೆಟ್ ಎಂದು ಹೆಸರಿಟ್ಟವಳು ಅವಳೇ. ರಸಾಯನಶಾಸ್ತ್ರದ ಪದವಿಗೆ ಮೂರು ವರ್ಷ ಇಬ್ಬರದೂ ಒಂದೇ ಲ್ಯಾಬ್ ಟೇಬಲ್ಲು. ಈಗ ಪದವಿ ಮುಗಿದಿತ್ತು. ಅವನಿಗೆ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅವಳಿಗೆ ದೂರದ ನಗರದ ಸಂಶೋಧನಾ ಸಂಸ್ಥೆಯಲ್ಲಿ ಸೀಟು ಸಿಕ್ಕಿತ್ತು. ಎಂ.ಎಸ್ಸಿ., ಪಿಎಚ್.ಡಿ. ಎರಡೂ ಸೇರಿ ಐದು ವರ್ಷ. ಖರ್ಚೆಲ್ಲ ಅವರದೇ. ಬರುತ್ತೀಯೋ ಇಲ್ಲವೋ ಎಂದು ಈ ಭಾನುವಾರದೊಳಗೆ ತಿಳಿಸಬೇಕಿತ್ತು, ಅಷ್ಟೇ.

ಅವಳು ಅಲ್ಲಿ ಓದಲು ಹೊರಟಿದ್ದು ತುಕ್ಕನ್ನು. ಕಬ್ಬಿಣಕ್ಕೆ ಹಿಡಿಯುವ ತುಕ್ಕು.

"ತುಕ್ಕು ಓದೋಕೆ ಐದು ವರ್ಷಾನಾ?" ಎಂದು ಅಮ್ಮ ಕೇಳಿಯಾಗಿತ್ತು. "ಗೇಟಿಗೊಂದು ಕೋಟ್ ಪೇಂಟ್ ಹೊಡೆದ್ರೆ ಮುಗೀತಲ್ಲ!"

ಇವತ್ತು ಮದುವೆಯ ಮಾತಿಗೆಂದು ಪಿಪೆಟ್‌ನ ತಾಯಿ ಬಂದಿದ್ದರು. ಒಳ್ಳೆಯ ಹೆಂಗಸು. ಜೋರು ದನಿಯಿಲ್ಲ, ಕೊಂಕು ಮಾತಿಲ್ಲ. ಕಿಡಿಯ ಕೈ ಹಿಡಿದುಕೊಂಡು ಹೇಳಿದ್ದರು: "ನಾವು ಹಳೇ ಕಾಲದವರಲ್ಲಮ್ಮ. ಅಷ್ಟು ದೂರ ಯಾಕೆ ಹೋಗ್ತೀಯ? ಮದುವೆ ಆಗ್ಲಿ, ನಮ್ಮ ಮನೆ ಪಕ್ಕದಲ್ಲೇ ಕಾಲೇಜಿದೆ, ಅಲ್ಲೇ ಸೇರಿಸ್ತೀವಿ. ಓದಿಸ್ತೀವಿ." ಅದಕ್ಕೆ ಮಗ ತನ್ನದೂ ಒಂದು ಹನಿ ಸೇರಿಸಿದ್ದ: "ಹೌದು, ನಾನೇ ಓದಿಸ್ತೀನಿ."

ಒಂದು ಹನಿ ಹೆಚ್ಚು ಹಾಕುವುದು ಅವನ ಹಳೆಯ ಚಾಳಿ.

ಮೊದಲ ವರ್ಷದ ಲ್ಯಾಬಿನಲ್ಲಿ, ಆಮ್ಲಕ್ಕೆ ಬ್ಯೂರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುವ ಪ್ರಯೋಗ. ಬಣ್ಣವಿಲ್ಲದ ದ್ರಾವಣ ಇದ್ದಕ್ಕಿದ್ದ ಹಾಗೆ ತೆಳು ಗುಲಾಬಿಯಾಗುವ ಒಂದು ಗಳಿಗೆಯಿದೆ. ಅಲ್ಲಿಗೆ ನಿಲ್ಲಿಸಬೇಕು. ಪಿಪೆಟ್ ಎಂದೂ ಅಲ್ಲಿಗೆ ನಿಲ್ಲಿಸಿದವನಲ್ಲ. ಅವನ ಫ್ಲಾಸ್ಕು ಪ್ರತಿ ಸಲವೂ ನಾಚಿ ಕೆಂಪಾಗಿಬಿಡುತ್ತಿತ್ತು.

"ಕಣ್ಣು ಫ್ಲಾಸ್ಕಿನ ಮೇಲಿರಲಿ ಕಣೋ."

"ಅಲ್ಲೇ ಇದೆ."

"ಸುಳ್ಳು. ನನ್ನ ಕಿವಿ ಮೇಲಿದೆ."

ನಿಜ. ಅವಳು ಬಗ್ಗಿ ಅಳತೆ ಓದುವಾಗ ಕಿವಿಯ ಹಿಂದಿನ ಒಂದು ಕೂದಲೆಳೆ ಜಾರಿ ಕೆನ್ನೆಗೆ ಬರುತ್ತಿತ್ತು. ಅವಳು ತುಟಿ ಸೊಟ್ಟ ಮಾಡಿ ಅದನ್ನು ಊದಿ ಹಾರಿಸುತ್ತಿದ್ದಳು. ಅದು ಮತ್ತೆ ಬರುತ್ತಿತ್ತು. ಅವನ ಎಲ್ಲ ಲೆಕ್ಕವೂ ತಪ್ಪಿದ್ದು ಆ ಕೂದಲಿನ ದೆಸೆಯಿಂದ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಅದಕ್ಕೆ ಕ್ಲಿಪ್ ಹಾಕಲಿಲ್ಲ.

ಅಂಥವನು ಈಗ ಅವಳನ್ನು ಓದಿಸುತ್ತಾನಂತೆ!

"ಆಂಟಿ, ಟೀ ಆರ್ತಾ ಇದೆ, ಕುಡೀರಿ" ಎಂದು ಕಿಡಿ ಎದ್ದಳು. "ಪಿಪೆಟ್, ನೀನು ಸ್ವಲ್ಪ ಹೊರಗೆ ಬಾ."

ಆ ದನಿ ಅವನಿಗೆ ಪರಿಚಿತ. ಅವನು ಬಾಯಲ್ಲಿದ್ದ ಬಿಸ್ಕತ್ತನ್ನು ಅಗಿಯದೆ ನುಂಗಿ ಹಿಂದೆ ಹೋದ.

*

ಅವರ ಮನೆ ಮೂರನೇ ಮಹಡಿ. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಗೆ ವರ್ಷಕ್ಕೊಮ್ಮೆ ಹಸಿರು ಬಣ್ಣ ಬಳಿಯುತ್ತಿದ್ದರು. ತುಕ್ಕಿನ ಮೇಲೇ ಬಳಿಯುತ್ತಿದ್ದರು. ಮುಟ್ಟಿದರೆ ಹಪ್ಪಳಿಕೆ ಹಪ್ಪಳಿಕೆಯಾಗಿ ಉದುರುತ್ತಿತ್ತು. ಪಿಪೆಟ್ ಅದಕ್ಕೇ ಒರಗಿ ನಿಂತ.

"ನಾನೇನು ತಪ್ಪು ಹೇಳ್ದೆ?"

"ಇನ್ನೊಂದ್ಸಲ ಹೇಳು."

"ಓದಿಸ್ತೀನಿ ಅಂದೆ. ಬೇರೆ ಹುಡುಗರು ಓದೋದೇ ಬೇಡ ಅಂತಾರೆ, ಗೊತ್ತಾ?"

"ಅವರು ಬಾಗಿಲು ಹಾಕ್ತಾರೆ. ನೀನು ಬಾಗಿಲು ತೆಗೆದು ಬೀಗದಕೈ ನಿನ್ನ ಜೇಬಿಗೆ ಹಾಕ್ಕೊಳ್ತೀಯ."

"ಅಯ್ಯೋ, ಒಂದು ಮಾತಿಗೆ..."

"ಒಂದು ಮಾತೇ. ಮಗೂಗೆ ಉಣಿಸ್ತಾರೆ, ಮಲಗಿಸ್ತಾರೆ, ಬಟ್ಟೆ ತೊಡಿಸ್ತಾರೆ. ಮಗು ಬಾಯಿ ತೆರೆದ್ರೆ ಸಾಕು. ಆ 'ಇಸು' ಬಂದ ಕಡೆ ಮಾಡೋರು ಒಬ್ಬರು, ಮಾಡಿಸೋರು ಇನ್ನೊಬ್ಬರು. ಹೆಸರೆಲ್ಲ ಮಾಡಿಸಿದೋರಿಗೆ. ನಾನು ಪರೀಕ್ಷೆ ಬರೆದೆ, ನಾನು ಇಂಟರ್‌ವ್ಯೂಗೆ ಹೋದೆ, ಸೀಟು ನಂಗೆ ಸಿಕ್ತು. ಸೇರ್ಸೋಕೆ ನಿಮ್ಮಮ್ಮ ಯಾರು? ಓದ್ಸೋಕೆ ನೀನ್ಯಾರು?"

"ವ್ಯಾಕರಣಕ್ಕೆ ಜಗಳ ಆಡ್ತೀಯಾ?"

"ಹೌದು ಕಣೋ, ವ್ಯಾಕರಣಕ್ಕೇ!" ಅವಳ ದನಿ ಕೆಳಗಿನ ಮಹಡಿಗೂ ಇಳಿಯಿತು. "ನಮ್ಮಪ್ಪ ನಿಮ್ಮನೆಗೆ ಬಂದು ಸೋಫಾ ಮೇಲೆ ಕೂತು, 'ಚಿಂತೆ ಮಾಡ್ಬೇಡಿ, ನಾವು ಹಳೇ ಕಾಲದವರಲ್ಲ, ಮದುವೆ ಆದ್ಮೇಲೂ ನಿಮ್ಮ ಹುಡುಗನ್ನ ಕೆಲಸಕ್ಕೆ ಕಳಿಸ್ತೀವಿ' ಅಂದಿದ್ರೆ ನಿಮ್ಮಮ್ಮ ಏನ್ ಮಾಡ್ತಿದ್ರು?"

ಅವನಿಗೆ ನಗು ಬಂತು. ತುಟಿಯವರೆಗೂ ಬಂತು. ಅಲ್ಲಿ ಅದನ್ನು ಅಹಂಕಾರ ತಡೆಯಿತು. ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಗಂಡಸರಿಗೆ ಸೋಲುವುದಕ್ಕಿಂತ ನಗುವುದು ಕಷ್ಟ.

"ಸರಿ, ಓದೋಕೆ ಬಿಡ್ತೀನಿ ಅಂದಿದ್ರೆ ಆಗ್ತಿತ್ತಾ?"

"ಬಿಡೋಕೆ ನಾನೇನು ಗೂಟಕ್ಕೆ ಕಟ್ಟಿದ ಕರುವಾ?"

"ನಿಂಗೆ ಏನು ಹೇಳಿದ್ರೂ ತಪ್ಪೇ! ಹೋಗು ಹಾಗಾದ್ರೆ. ಐದು ವರ್ಷ ಅಲ್ಲೇ ಇರು. ಐದು ವರ್ಷ ನನ್ನ ಕಾಯಿಸು!"

"ಕಾಯಿಸ್ಬೇಕಾ? ನೀನೇನು ಹಾಲಾ?"

ಅವನು ಸರಕ್ಕನೆ ತಿರುಗಿ ಒಳಗೆ ಹೋದ. ಅವನ ಬಿಳಿ ಅಂಗಿಯ ಬೆನ್ನಿಗೆ, ಎಡ ಹೆಗಲಿನಿಂದ ಸೊಂಟದವರೆಗೆ, ತುಕ್ಕಿನ ಕಂದು ಗೆರೆ ಅಂಟಿತ್ತು. ಹೇಳಬೇಕೆಂದು ಅವಳ ಬಾಯಿ ತೆರೆಯಿತು. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾಯಿ ಮಗ ಇಬ್ಬರೂ ಅದೇ ಮೆಟ್ಟಿಲಿಳಿದು ಹೋದರು. ಅವನ ತಾಯಿ ಮಾತ್ರ ಒಮ್ಮೆ ತಿರುಗಿ ನೋಡಿದರು. ಕೋಪದಿಂದಲ್ಲ. ತಾವು ಕೊಟ್ಟ ಉಡುಗೊರೆ ಯಾಕೆ ವಾಪಸು ಬಂತು ಎಂದು ತಿಳಿಯದವರ ಹಾಗೆ.

ಅವಳಿಗೆ ಅಳು ಬಂದಿದ್ದು ಆಗ. ಪ್ರೀತಿಸುವವರೇ ಕಟ್ಟಿಹಾಕಿದರೆ ಹಗ್ಗದ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಈ ಲೋಕ ಬಿಡುವುದಿಲ್ಲ. ನೋಡು, ಎಷ್ಟು ಮೆತ್ತನೆಯ ಹಗ್ಗ ಎನ್ನುತ್ತದೆ.

*

ಒಳಗೆ ಅಪ್ಪ ಸಿಡಿಮಿಡಿಗುಟ್ಟುತ್ತ ಓಡಾಡುತ್ತಿದ್ದರು.

"ಬಂದೋರ ಎದುರಿಗೆ ಮಾನ ಕಳೆದ್ಯಲ್ಲ! ನಿನ್ನ ಇಷ್ಟು ಓದಿಸಿದ್ದೇ ತಪ್ಪಾಯ್ತು."

"ಅಪ್ಪಾ, ಫೀಸು ಕಟ್ಟಿದ್ದು ನೀವು. ಅದನ್ನ ಯಾವತ್ತೂ ಮರೆಯಲ್ಲ. ಓದಿದ್ದು ನಾನು. ಅದನ್ನ ನೀವೂ ಮರೀಬೇಡಿ."

"ಎದುರುತ್ತರ ಬೇರೆ!"

"ಅಷ್ಟು ಒಳ್ಳೇ ಮನೆ ಕಣೇ" ಎಂದಳು ಅಮ್ಮ, ಬಿಸ್ಕತ್ತುಗಳನ್ನು ಡಬ್ಬಿಗೆ ತುಂಬುತ್ತ. "ಅವರಾಗೇ ಓದಿಸ್ತೀವಿ ಅಂತಾರೆ. ಯಾರು ಅಂತಾರೆ ಈ ಕಾಲದಲ್ಲಿ?"

ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು. "ನೀವೂ ಅಂದಿದ್ರಿ, ಅತ್ತೆ."

ಅತ್ತಿಗೆ. ಅಣ್ಣನ ಹೆಂಡತಿ. ಈ ಮನೆಗೆ ಬಂದು ಆರು ವರ್ಷವಾಗಿತ್ತು. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ಸೌಟು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದವಳು. ಬಾಲ್ಕನಿಯ ಕುಂಡಗಳಿಗೆ ನೀರು ಹಾಕುವಾಗ ಅವುಗಳ ಲ್ಯಾಟಿನ್ ಹೆಸರು ಹಿಡಿದು ಬಯ್ಯುತ್ತಿದ್ದಳು. ಅದು ಬಿಟ್ಟರೆ ಆ ಪದವಿಗೆ ಈ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ.

"ಇದೇ ಸೋಫಾ ಮೇಲೆ ಕೂತು ಅಂದಿದ್ರಿ" ಎಂದಳು ಅತ್ತಿಗೆ. ಜೋರಾಗಿಯೇನಲ್ಲ. "'ಮದುವೆ ಆದ್ಮೇಲೆ ಓದಿಸ್ತೀವಿ, ನಾವು ಹಳೇ ಕಾಲದವರಲ್ಲ.' ನಮ್ಮಪ್ಪನ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟು ಖುಷಿ."

ಅಮ್ಮನ ಕೈ ಡಬ್ಬಿಯೊಳಗೇ ನಿಂತಿತು.

ಮೂಲೆಯ ಕುರ್ಚಿಯಲ್ಲಿ ಮೊಬೈಲಿನೊಳಗೆ ಮುಳುಗಿದ್ದ ಅಣ್ಣ ತಲೆಯೆತ್ತಿದ. "ನಾನೇನು ಬೇಡ ಅಂದ್ನಾ? ನೀನು ಕೇಳಲೇ ಇಲ್ವಲ್ಲ."

"ಕೇಳಿದ್ದೆ ರೀ. ಮೊದಲನೇ ವರ್ಷ ಮಾವನಿಗೆ ಆಪರೇಷನ್ ಇತ್ತು. ಎರಡನೇ ವರ್ಷ ಮನೆ ಬದಲಾಯಿಸೋದಿತ್ತು. ಮೂರನೇ ವರ್ಷ ಮಗು ಆಯ್ತು. ಓದಿಸೋರಿಗೆ ಬಿಡುವು ಸಿಗ್ಲಿಲ್ಲ. ಅಷ್ಟೇ."

ಇದರಲ್ಲಿ ಖಳನಾಯಕರು ಯಾರೂ ಇರಲಿಲ್ಲ, ನೋಡಿ. ಹೊಡೆದವರಿಲ್ಲ, ಬೈದವರಿಲ್ಲ, ಬೇಡ ಎಂದವರೂ ಇಲ್ಲ. ಇದ್ದಿದ್ದು ಒಂದು ಬಣ್ಣ ಬಳಿದ ಮಾತು, ಅದರ ಅಡಿಯಲ್ಲಿ ಆರು ವರ್ಷದ ತುಕ್ಕು. ಕಿಡಿಗೆ ಮೈಯೆಲ್ಲ ಉರಿಯಿತು. ಹೊರಗಿನವರ ಮೇಲೆ ಬಂದ ಸಿಟ್ಟು ಈಗ ಚಪ್ಪಲಿ ಬಿಟ್ಟು ಮನೆಯೊಳಗೇ ಬಂದು ಕೂತಿತ್ತು.

ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಎಲ್ಲರೂ ನೋಡುತ್ತಿರುವಂತೆಯೇ ಸಂಸ್ಥೆಯ ಪುಟಕ್ಕೆ ಹೋಗಿ 'ಒಪ್ಪಿಗೆ' ಬಟನ್ ಹುಡುಕಿದಳು.

"ಭಾನುವಾರದವರೆಗೆ ಟೈಮ್ ಇದೆಯಲ್ಲೇ" ಎಂದಳು ಅಮ್ಮ. "ಆ ಹುಡುಗನ್ನ ಒಂದು ಮಾತು ಕೇಳು. ನಿಂಗೆ ಅವನು ಬೇಡ್ವಾ?"

"ಬೇಕು. ತುಂಬಾ ಬೇಕು. ಅದಕ್ಕೇ ಇವತ್ತೇ ಒತ್ತುತ್ತಾ ಇದೀನಿ. ಕೇಳಿ ಒತ್ತಿದ್ರೆ, ನಾನೇ ಕಳಿಸ್ದೆ ಅಂತ ಜೀವನ ಪೂರ್ತಿ ಅಂತಾನೆ."

ಒತ್ತಿದಳು.

ಅತ್ತಿಗೆ ಸೌಟಿನಿಂದ ಪಾತ್ರೆಯ ಅಂಚಿಗೆ ಒಮ್ಮೆ ಟಣ್ ಎಂದು ಬಡಿದು ಒಳಗೆ ಹೋದಳು.

*

ವಾರವಿಡೀ ಅವನ ಫೋನಿಲ್ಲ. ಇವಳೂ ಮಾಡಲಿಲ್ಲ. ಅವನು 'ಆನ್‌ಲೈನ್' ಇರುವುದನ್ನು ಇವಳು ನೋಡುತ್ತಿದ್ದಳು, ಇವಳಿರುವುದನ್ನು ಅವನು ನೋಡುತ್ತಿದ್ದ. 'ಟೈಪಿಂಗ್' ಎಂದು ಬರುತ್ತಿತ್ತು, ಆರಿಹೋಗುತ್ತಿತ್ತು. ಅವಳು ಸೂಟ್‌ಕೇಸಿಗೆ ಬಟ್ಟೆ ಮಡಿಸಿಡುತ್ತಿದ್ದಳು, ಸಿಟ್ಟು ಬಂದು ತೆಗೆಯುತ್ತಿದ್ದಳು, ಇನ್ನೂ ಒತ್ತಾಗಿ ಮಡಿಸುತ್ತಿದ್ದಳು. ಕಿವಿಯ ಹಿಂದಿನ ಕೂದಲು ಕೆನ್ನೆಗೆ ಬಂದರೆ ಊದಿ ಹಾರಿಸುವ ಮನಸ್ಸೂ ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೆಟ್ಟಿಲಿನಿಂದ ಕರಕರ ಸದ್ದು ಕೇಳಿಸಿತು.

ಬಾಗಿಲು ತೆಗೆದು ನೋಡಿದರೆ, ಅವನು. ತುಕ್ಕಿನ ಕಲೆ ಹೋಗದ ಅದೇ ಬಿಳಿ ಅಂಗಿ ತೊಟ್ಟು, ಮೊಣಕಾಲೂರಿ, ಉಪ್ಪುಕಾಗದದಿಂದ ಕಂಬಿಯನ್ನು ಉಜ್ಜುತ್ತಿದ್ದ. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಕಂದು ಪುಡಿ. ಪಕ್ಕದಲ್ಲಿ ಪ್ರೈಮರ್ ಡಬ್ಬಿ, ಎರಡು ಬ್ರಷ್ಷು.

"ಏನ್ ಮಾಡ್ತಿದೀಯ?"

"ಕೆರೀತಿದೀನಿ." ಅವನು ತಲೆಯೆತ್ತಲಿಲ್ಲ. "ಕೆರೆಯದೆ ಬಣ್ಣ ಹೊಡೆದ್ರೆ ತುಕ್ಕು ಒಳಗೊಳಗೇ ತಿನ್ನುತ್ತೆ ಅಂತ ಒಬ್ಬಳು ಹೇಳ್ತಿದ್ಲು. ಈ ವಾರ ಫ್ಯಾಕ್ಟರಿಯಲ್ಲಿ ಒಂದು ತಗಡು ಟೆಸ್ಟಿಗೆ ಬಂತು. ಮೇಲೆ ಫಳಫಳ ಹೊಳೀತಿತ್ತು. ಉಗುರಿಂದ ತಟ್ಟಿದ್ರೆ ಪೂರ್ತಿ ಉದುರಿಹೋಯ್ತು. ನಾಚಿಕೆ ಆಯ್ತು."

"ತಗಡಿಗಾ?"

"ನಂಗೆ."

ಅವಳು ಬಾಗಿಲಿಗೆ ಒರಗಿದಳು. ನಗಬಾರದೆಂದು ಕೆಳತುಟಿ ಕಚ್ಚಿದಳು. ಅವನು ಅದನ್ನು ನೋಡಿಬಿಟ್ಟ. ನೋಡಲಿಲ್ಲ ಎನ್ನುವ ಹಾಗೆ ಮತ್ತೆ ಉಜ್ಜಿದ.

"ನಾನು ಒಪ್ಪಿಗೆ ಕಳಿಸಿಯಾಯ್ತು."

"ಗೊತ್ತು. ಅತ್ತಿಗೆ ಫೋನ್ ಮಾಡಿದ್ರು. ಮಾಡಿ ಬೈದ್ರು. ಲ್ಯಾಟಿನ್‌ನಲ್ಲೂ ಏನೋ ಬೈದ್ರು." ಅವನು ಉಪ್ಪುಕಾಗದ ಕೆಳಗಿಟ್ಟ. "ಆಮೇಲೆ ಅಮ್ಮನ ಹತ್ರ ಕೂತು ಹೇಳ್ದೆ. 'ಅಮ್ಮಾ, ನಾವು ಅವಳನ್ನ ಓದಿಸಲ್ಲ' ಅಂತ."

"ಹಾಗಂದ್ಯಾ?!"

"ಅಮ್ಮನಿಗೆ ಗಾಬರಿ. 'ಅಯ್ಯೋ, ಮಾತು ಕೊಟ್ಟಿದೀವಲ್ಲೋ, ಯಾಕೋ ಓದಿಸಲ್ಲ?' ಅಂದ್ರು. 'ಅವಳೇ ಓದ್ತಾಳೆ' ಅಂದೆ. ಸುಮಾರು ಹೊತ್ತು ಯೋಚನೆ ಮಾಡಿದ್ರು. 'ಹಾಗಾದ್ರೆ ನಮ್ಮ ಕೆಲಸ ಏನು?' ಅಂದ್ರು. 'ಏನೂ ಇಲ್ಲಮ್ಮ, ಅದೇ ಕಷ್ಟ' ಅಂದೆ."

ಈ ಸಲ ಅವಳು ನಕ್ಕೇಬಿಟ್ಟಳು. ವಾರವೆಲ್ಲ ಒತ್ತಿ ಮಡಿಸಿಟ್ಟಿದ್ದ ನಗು ಮೆಟ್ಟಿಲುಗಳನ್ನು ಇಳಿದುಕೊಂಡು ಹೋಯಿತು. ನಕ್ಕಾಗ ಕೂದಲೆಳೆ ಜಾರಿತು. ಅವನ ಕೈ ಅದರ ಕಡೆ ಎದ್ದು, ಬೆರಳ ತುಂಬ ತುಕ್ಕಿರುವುದು ಕಂಡು, ಗಾಳಿಯಲ್ಲೇ ನಿಂತಿತು. ಅವಳು ಅದನ್ನು ಊದಲಿಲ್ಲ. ಅಲ್ಲೇ ಇರಲು ಬಿಟ್ಟಳು.

"ನಾನು ಕಾಯ್ತೀನಿ ಕಣೇ" ಎಂದ.

"ಬೇಡ. ಕಾಯೋದು ವಾಚ್‌ಮನ್ ಕೆಲಸ. ನೀನು ಬಾ, ಹೋಗು, ನಿನ್ನ ಕೆಲಸ ಮಾಡು, ಫೋನಲ್ಲಿ ಜಗಳ ಆಡು. ನಾನೂ ಬರ್ತೀನಿ."

"ಮದುವೆ?"

"ಆಗೋಣ. ಯಾವಾಗ ಅಂತ ನಾವೇ ಕೂತು ಮಾತಾಡೋಣ. ಯಾರೂ ಮಾಡ್ಸೋದು ಬೇಡ."

ಅಷ್ಟರಲ್ಲಿ ಅತ್ತಿಗೆ ಹೊರಗೆ ಬಂದಳು. ಭುಜಕ್ಕೆ ಬ್ಯಾಗು, ಕೈಯಲ್ಲಿ ಒಂದು ಫೈಲು. ಮನೆಯೊಳಕ್ಕೆ ಮುಖ ಮಾಡಿ ಕೂಗಿದಳು: "ರೀ, ನಾನು ಕಾಲೇಜಿಗೆ ವಿಚಾರಿಸೋಕೆ ಹೋಗ್ತಿದೀನಿ. ಮಗು ಎದ್ದಿದೆ. ಹಾಲು ನೀವೇ ಕಾಯಿಸ್ಕೊಳ್ಳಿ!"

ಒಳಗಿನಿಂದ ಅಣ್ಣನ ದನಿ: "ಭಾನುವಾರ ಯಾವ ಕಾಲೇಜೇ ತೆಗೆದಿರುತ್ತೆ?"

"ಉದ್ಯೋಗದಲ್ಲಿರೋರಿಗೆ ಅಂತ ಭಾನುವಾರವೇ ಕ್ಲಾಸ್ ನಡೆಸ್ತಾರಂತೆ. ನಾನೂ ಉದ್ಯೋಗದಲ್ಲೇ ಇದೀನಲ್ಲ, ಆರು ವರ್ಷದಿಂದ!"

ಹೇಳಿದವಳು ಉತ್ತರಕ್ಕೆ ನಿಲ್ಲಲಿಲ್ಲ. ಪಿಪೆಟ್ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಅತ್ತಿಗೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಮೂಲೆ ಚೆನ್ನಾಗಿ ಕೆರೀರಿ ಸಾರ್, ಅಲ್ಲೇ ಉಳಿಯೋದು" ಎಂದು ದಡದಡ ಇಳಿದು ಹೋದಳು.

ಇಬ್ಬರೂ ಸೇರಿ ಒಂದು ಮಹಡಿಯ ಕಂಬಿ ಕೆರೆದರು. ಬೂದು ಪ್ರೈಮರ್ ಬಳಿದರು. ಅವನು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ ಎತ್ತಿದಾಗ ತುದಿಯಲ್ಲಿ ಒಂದು ಹನಿ ತೂಗಾಡಿತು. ಅವಳು ಅವನನ್ನೇ ನೋಡಿದಳು. ಅವನು ಆ ಹನಿಯನ್ನು ಡಬ್ಬಿಯ ಅಂಚಿಗೆ ಒರೆಸಿದ.

"ಕಲಿತ್ಯಲ್ಲ" ಎಂದಳು.

"ಕಲಿಸಿದ್ದು ನೀನು" ಎಂದವನು ನಾಲಿಗೆ ಕಚ್ಚಿದ. "ಇಸು ಬಂತು. ಸಾರಿ."

"ಅದಕ್ಕೆ ಮಾಫಿ. ಅದು ನಿಜ."

ಟೀ ಕುಡಿಯಲು ಬೀದಿಗೆ ಇಳಿಯಬೇಕು. ಕಂಬಿ ಹಸಿ, ಹಿಡಿಯುವಂತಿಲ್ಲ. ಅವಳು ಕೈ ನೀಡಿದಳು. ತುಕ್ಕು ಮೆತ್ತಿದ ಕೈಯನ್ನು ಪ್ರೈಮರ್ ಮೆತ್ತಿದ ಕೈ ಹಿಡಿಯಿತು. ಅವಳು ಒಂದು ಮೆಟ್ಟಿಲು ಮುಂದೆ, ಅವನು ಒಂದು ಮೆಟ್ಟಿಲು ಹಿಂದೆ.

"ಒಂದು ಮಾತು ಹೇಳಬೇಕು" ಎಂದ ಅವನು. "ಆದ್ರೆ ಅದನ್ನ ಇಸು ಇಲ್ಲದೆ ಹೇಳೋಕೆ ಬರ್ತಾ ಇಲ್ಲ."

"ಯಾವ ಮಾತು?"

"ಪ್ರೀತಿಸ್ತೀನಿ."

ಅವಳು ನಿಂತಳು. ಮೂರು ವರ್ಷ ಒಂದೇ ಟೇಬಲ್ಲಿನಲ್ಲಿ ನಿಂತವನು ಅಲ್ಲಿಯವರೆಗೆ ಒಮ್ಮೆಯೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಅವಳ ಕಿವಿಯ ತುದಿ, ಫ್ಲಾಸ್ಕಿನಲ್ಲಿ ಆ ಒಂದು ಗಳಿಗೆ ಮಾತ್ರ ಬರುವ ತೆಳು ಬಣ್ಣಕ್ಕೆ ತಿರುಗಿತು.

"ಹೌದಲ್ಲ, ಇಸು ಇದೆ" ಎಂದಳು.

"ಅದನ್ನ ತೆಗೆದ್ರೆ ಬರೀ ಪ್ರೀತಿ ಉಳಿಯುತ್ತೆ."

"ಉಳೀಲಿ" ಎಂದಳು ಅವಳು.